ಕತ್ತಲಲ್ಲಿ ತೊಡಿಸಿದ ಬಳೆ

ಅಮೀನಾ,

ಅಂದರೆ ಅದು ನಿನ್ನ ತಲೆಯ ಭಾರಕ್ಕೆ ಎದ್ದ ಗಂಟಲ್ಲವಂತೆ. ನಿನ್ನೆಯ ಕಾಗದ ಇಲ್ಲಿಗೇ ನಿಂತಿತ್ತು. ನೀನು ತಲೆ ಇಟ್ಟು ಮಲಗುತ್ತಿದ್ದ ನನ್ನ ಎಡತೋಳು. ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಅದರ ಒಳಬದಿಯಲ್ಲಿ ಗೋಲಿಯಷ್ಟು ಗಂಟು ಕೈಗೆ ಸಿಕ್ಕಿತು. ಒತ್ತಿದರೆ ಹೆಬ್ಬೆರಳ ತನಕ ಕರೆಂಟು ಹರಿಯುತ್ತಿತ್ತು. ನಿನ್ನದೇ ಅಂದುಕೊಂಡು ಮಲಗುವ ಮುಂಚೆ ಒತ್ತಿಕೊಳ್ಳುತ್ತಿದ್ದೆ. ಯಾರಿಗೂ ತೋರಿಸಲಿಲ್ಲ.

ಆಮೇಲೆ ನಮ್ಮ ಬಳೆಯಂಗಡಿಯಲ್ಲಿ ಹಳೆಯ ಗಿರಾಕಿ ಇಮಾಮಬಿಗೆ ಬಳೆ ತೊಡಿಸುವಾಗ ಅದೇ ಕರೆಂಟು ಹೊಡೆಯಿತು. ಕೈ ಜಗ್ಗಿ ಬಳೆ ಒಡೆದು ಅವಳ ಮುಂಗೈಯಲ್ಲಿ ರಕ್ತ. "ನನ್ನ ಮಗಳ ಮದವಿ ಬಳಿ ತೊಡಿಸ್ದಾವ, ಈಗ ಕೊಲ್ಲಾಕ ನಿಂತೀಯೇನೋ ರಸೂಲ?" ಅಂದಳು ಮುದುಕಿ. ನಮ್ಮ ಮಗಳು ಫರ್ಹೀನ್ ಮರುದಿನವೇ ನನ್ನನ್ನು ಕಲಬುರಗಿಯ ಆಸ್ಪತ್ರೆಗೆಂದು ಬಸ್ಸು ಹತ್ತಿಸಿದಳು.

ಡಾಕ್ಟರ್ ಕಾವೇರಿ ಗಂಟನ್ನು ಬೆರಳಿಂದ ಬಡಿದರು, ಕರೆಂಟು. ಪಕ್ಕಕ್ಕೆ ತಳ್ಳಿದರೆ ಸರಿಯಿತು, ಮೇಲೆ ಕೆಳಗೆ ಸರಿಯಲಿಲ್ಲ. ನರಕ್ಕೆ ಕೂತ ಗಂಟು ಹಾಗೆಯೇ ಅಂತೆ. ಸ್ಕ್ಯಾನ್ ನೋಡಿ "ಬಿನೈನ್ ಅನಸ್ತದರೀ, ಕ್ಯಾನ್ಸರ್ ಅಲ್ಲ" ಅಂದರು. ಬಿ.ಎ. ಓದುವಾಗ ಯಾವುದೋ ಇಂಗ್ಲಿಷ್ ಪದ್ಯದಲ್ಲಿ ಆ ಶಬ್ದ ಇತ್ತು, ದಯಾಳು ಅಂತ ಅರ್ಥ ಬರೆದುಕೊಂಡ ನೆನಪು. ಪದ್ಯ ಮರೆತಿದೆ. ನಾನು ಕೇಳಿದ್ದು ಒಂದೇ, ಬೆರಳು ಉಳಿಯುತ್ತವೇನು? ಹೆಂಗಸರ ಅಂಗೈ ಮಡಚಿ ಅಳತೆ ತಿಳಿಯುವುದು ಎಡ ಹೆಬ್ಬೆರಳಿನಿಂದಲೇ.

"ನರಾ ಕಡಿಯಂಗಿಲ್ಲರೀ. ಹೊದಿಕಿ ಸೀಳಿ, ಎಳಿ ಎಳಿ ಸರಿಸಿ ಗಂಟಷ್ಟೇ ಬಿಡಿಸ್ತೀವಿ. ಆಮ್ಯಾಲ ಜೋಮು ಇರಬಹುದು. ಪೂರಾ ಹೋಗ್ತದಂತ ಮಾತು ಕೊಡಂಗಿಲ್ಲ."

ಗಂಟು ತೆಗೆದರು. ಪರೀಕ್ಷೆಯಲ್ಲೂ ಕ್ಯಾನ್ಸರಲ್ಲ ಅಂತ ಬಂತು. ಫರ್ಹೀನ್ ಡಾಕ್ಟರಿಗೆ ನಮ್ಮೂರ ಕೆಂಪು ಬಾಳೆಹಣ್ಣು ಕೊಟ್ಟು ಅತ್ತಳು. ನನಗೆ ಏನೂ ಅನ್ನಿಸಲಿಲ್ಲ. ಆಟೊ ನೆಹರು ಗಂಜ್ ಮಾರುಕಟ್ಟೆ ದಾಟುವಾಗ ತೊಗರಿಯ ಧೂಳಿಗೆ ಸೀನಿದೆ, ಅಷ್ಟೇ.

ಈಗ ಹೆಬ್ಬೆರಳು, ಪಕ್ಕದ ಎರಡು ಬೆರಳು ಆಡುತ್ತವೆ. ಆದರೆ ಮುಟ್ಟಿದ್ದು ಗಾಜೋ ಚರ್ಮವೋ ತಿಳಿಯದು. ನಿನ್ನೆ ಮಲಗುವಾಗ ರೂಢಿಯಂತೆ ಅಲ್ಲಿ ಒತ್ತಿದೆ. ಹೊಲಿಗೆಯ ಗೀರು ಸಿಕ್ಕಿತು. ಬೇರೇನೂ ಬರಲಿಲ್ಲ.

ಇವತ್ತು ಮಧ್ಯಾಹ್ನ ಇಮಾಮಬಿ ತಾನೇ ಬಂದು ಕೈ ಚಾಚಿದಳು. "ತೊಡಿಸು. ಒಡದ್ರ ನಂದೇ ಕೈ." ಒಡೆಯಲಿಲ್ಲ. ಒಂದೊಂದಾಗಿ ಎಲ್ಲ ಕೈಗೇರಿದವು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಮೊದ್ಲ ಬೀದಿ ನೋಡ್ಕೋತ, ಹರಟಿ ಹೊಡ್ಕೋತ ತೊಡಸ್ತಿದ್ದಿ. ಈಗ ಸೂಜಿಗೆ ದಾರ ಹಾಕವ್ನಂಗ ನನ್ನ ಕೈನೇ ನೋಡ್ತೀ."

ಹೌದು. ಈಗ ನೋಡದೆ ತೊಡಿಸಲಾರೆ. ನೆನಪಿದೆಯಾ, ನಮ್ಮ ಮದುವೆಯಾದ ವರ್ಷ, ಈದ್ ಹಬ್ಬದ ಹಿಂದಿನ ಸಂಜೆ ಕರೆಂಟು ಹೋಗಿ ಗಿರಾಕಿಗಳೆಲ್ಲ ಎದ್ದು ಹೋದರು. ನಿನಗೆ ಕತ್ತಲಲ್ಲೇ ಹಸಿರು ಬಳೆ ತೊಡಿಸಿದೆ. "ಚಿಮಣಿ ದೀಪ ಹಚ್ಚರಿ, ಗೀರ್ತದ" ಅಂದೆ ನೀನು. ಗೀರಲಿಲ್ಲ. ನಿನ್ನ ಅಳತೆಯ ಒಂದು ಜೊತೆ ಇನ್ನೂ ಪೆಟ್ಟಿಗೆಯಲ್ಲಿದೆ. ಈಗಷ್ಟೇ ಕಣ್ಣು ಮುಚ್ಚಿ ಎಡಗೈಯಿಂದ ಹುಡುಕಿದೆ. ಬೆರಳಿಗೆ ಎಲ್ಲವೂ ಒಂದೇ.

ಅಂಗಡಿ ಬಾಗಿಲಲ್ಲಿ ಬೆಳಕು ಇಳಿಯುತ್ತಿದೆ. ಬಲ್ಬು ಹಚ್ಚಿದರೆ ಗಾಜೆಲ್ಲ ಹೊಳೆದು ಕಣ್ಣು ಕುಕ್ಕುತ್ತದೆ, ಬಳೆಯ ಅಂಚು ಕಾಣುವುದಿಲ್ಲ. ಹೊರಗೆ ಒಬ್ಬ ತಾಯಿ ಮಗಳ ಕೈ ಹಿಡಿದು ನಿಂತಿದ್ದಾಳೆ. ನಾಳೆ ಬಿಸಿಲಿದ್ದಾಗ ಬನ್ನಿ ಅನ್ನಬೇಕು.

ನೀನಿರುವ ಮಣ್ಣು ತಂಪಾಗಿರಲಿ.

ನಿನ್ನ
ಗುಲಾಮ್ ರಸೂಲ್
ಕಮಲಾಪುರ