ಅಂಗೈಮನೆಯನ್ನು ಬದಲಿಸಬೇಡಿ ಎಂದವರಿಗೆ

ಗದಗ
ಸ್ಥಿರರೂಪದ ನೂರಾ ನಲವತ್ತೊಂದನೆಯ ವರ್ಷ, ಆರನೆಯ ತಿಂಗಳು, ಮೂವತ್ತನಾಲ್ಕನೆಯ ದಿನ

ಸಹಿ ಹಾಕಿದ ಹಿರಿಯರೇ,

ತಿಂಗಳಿಗೆ ಮೂವತ್ತನಾಲ್ಕು ದಿನ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ಅದು ನಿಮ್ಮದೇ ಕೊಡುಗೆ, ಮುಂದೆ ಹೇಳುತ್ತೇನೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಕ್ಷಮೆ ಇರಲಿ. ಇಡೀ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ನನ್ನ ಹೆಸರು ದ್ರಾಕ್ಷಾಯಣಿ ಕೋಟುಮಚಗಿ. ವಯಸ್ಸು ಅರವತ್ತೆಂಟು. ಗಾಳಿಕಂಬಗಳ ಓಣಿಯಲ್ಲಿ ಕಟ್ಟುಗಿತ್ತಿಯ ಕೆಲಸ ಮಾಡುತ್ತೇನೆ. ನಿಮ್ಮ ಹಿಂದಿನವರ ಕಾಲದಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರಂತೆ. ಕಟ್ಟುಗಿತ್ತಿ ಮಕ್ಕಳ ಕೈ ಬೆಳೆಯದಂತೆ ಕಟ್ಟುತ್ತಾಳೆ. ಈವರೆಗೆ ನಾನೂರ ಹನ್ನೆರಡು ಮಕ್ಕಳ ಕೈ ಕಟ್ಟಿದ್ದೇನೆ. ನಾಳೆ ಬೆಳಿಗ್ಗೆ ಕಟ್ಟಬೇಕಾಗಿರುವುದು ನನ್ನ ಮೊಮ್ಮಗಳು ಹಂಪವ್ವನ ಕೈ. ಅವಳಿಗೆ ಏಳು ವರ್ಷ.

ನಿಮ್ಮ ಕಾಲದಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳಿದ್ದವು. ಎರಡು ದೀಪಾವಳಿ ಕಳೆಯುವಷ್ಟರಲ್ಲಿ ಹೊಸದು ಬರುತ್ತಿತ್ತು. ಹಳೆಯ ಆಟ ಹೊಸದರಲ್ಲಿ ನಡೆಯುತ್ತಿರಲಿಲ್ಲ, ಹಳೆಯ ಚಾರ್ಜರ್ ಹೊಸದಕ್ಕೆ ಕೂಡುತ್ತಿರಲಿಲ್ಲ, ಮಕ್ಕಳು ಅತ್ತು ರಂಪ ಮಾಡುತ್ತಿದ್ದರು. ನಿಮಗೆ ಸಾಕಾಗಿ ಹೋಯಿತು. ನಾಲ್ಕು ಕೋಟಿ ಜನ ಸೇರಿ ಒಂದು ಮನವಿಗೆ ಸಹಿ ಹಾಕಿದಿರಿ. ಅದನ್ನು ನಮ್ಮ ಮಕ್ಕಳು ಇವತ್ತಿಗೂ ಬಾಯಿಪಾಠ ಮಾಡುತ್ತಾರೆ. ‘ಇನ್ನು ಇದನ್ನು ಬದಲಿಸಬೇಡಿ’ ಎಂಬುದೊಂದೇ ಅದರಲ್ಲಿರುವ ವಾಕ್ಯ. ಎಷ್ಟು ವರ್ಷ ಬದಲಿಸಬಾರದು ಎಂದು ಬರೆಯಲು ನಾಲ್ಕು ಕೋಟಿ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಂಪನಿಯವರು ಹಿರಿಹಿರಿ ಹಿಗ್ಗಿದರು. ಸರ್ಕಾರ ಸ್ಥಿರರೂಪ ಕಾಯಿದೆ ತಂದಿತು. ಆ ದಿನ ಅಂಗಡಿಯಲ್ಲಿದ್ದದ್ದು ಎಂಟು ವರ್ಷದ ಮಕ್ಕಳಿಗೆಂದು ಮಾಡಿದ ಚಿಕ್ಕ ಮಾದರಿ. ದೊಡ್ಡವರದು ಮುಂದಿನ ತಿಂಗಳು ಬರುವುದಿತ್ತಂತೆ. ಅಷ್ಟು ತಾಳ್ಮೆಯೂ ನಿಮಗಿರಲಿಲ್ಲ. ಕಾರ್ಖಾನೆಯ ಅಚ್ಚು ಇವತ್ತಿಗೂ ಆ ಚಿಕ್ಕದನ್ನೇ ಎರೆಯುತ್ತಿದೆ. ನಾವು ಅದನ್ನು ಅಂಗೈಮನೆ ಎನ್ನುತ್ತೇವೆ.

ಆಟದ ಸಾಮಾನು ಹೇಗಿದ್ದರೇನು ಎಂದು ನೀವು ಕೇಳಬಹುದು. ನಿಮ್ಮ ಉಳಿದ ಯಂತ್ರಗಳೆಲ್ಲ ಬದಲಾಗುತ್ತಲೇ ಹೋದವು. ಹತ್ತು ವರ್ಷದ ಹಿಂದಿನ ಕಾಗದಪತ್ರಗಳನ್ನು ಓದುವ ಯಂತ್ರವೇ ಊರಲ್ಲಿ ಇಲ್ಲದಂತಾಯಿತು. ಆಗ ಕಚೇರಿಯವರು ಸುತ್ತಮುತ್ತ ನೋಡಿದರು. ಬದಲಾಗದೆ ನಿಂತಿದ್ದದ್ದು ಇದೊಂದೇ. ಮೊದಲು ಪಹಣಿಯನ್ನು ಅದರೊಳಗೆ ಹಾಕಿದರು, ಆಮೇಲೆ ಶಾಲೆಯನ್ನು, ಆಮೇಲೆ ಮತದಾನವನ್ನು, ಕೊನೆಗೆ ನೀರನ್ನು. ಅದರ ಗಡಿಯಾರದಲ್ಲಿ ತಿಂಗಳಿಗೆ ಮೂವತ್ತನಾಲ್ಕು ದಿನ ಬೀಳುವ ದೋಷವಿತ್ತು. ದೋಷ ತೆಗೆದರೆ ಯಂತ್ರ ಬದಲಿಸಿದಂತಾಗುತ್ತದೆ ಎಂದು ಪಂಚಾಂಗವನ್ನೇ ತಿದ್ದಿದರು. ನಮ್ಮಲ್ಲಿ ಯುಗಾದಿ ಈಗ ಯಾವ ಯಾವುದೋ ಕಾಲದಲ್ಲಿ ಬರುತ್ತದೆ, ಬೇವು ಚಿಗುರಿರುವುದಿಲ್ಲ, ಒಣಗಿದ ಎಲೆಯನ್ನೇ ಪುಡಿ ಮಾಡಿ ತಿನ್ನುತ್ತೇವೆ.

ಬೆಳಿಗ್ಗೆ ಏಳಕ್ಕೆ ನೀರಾಟ ಶುರುವಾಗುತ್ತದೆ. ಪರದೆಯ ಮೇಲೆ ನೀಲಿ ಚುಕ್ಕಿಗಳು ಸುರಿಯುತ್ತವೆ, ಬಲ ಹೆಬ್ಬೆರಳಿನಿಂದ ನಾಲ್ಕು ಗುಂಡಿ ಒತ್ತಿ ಅವನ್ನು ಹಿಡಿಯಬೇಕು. ಗೆದ್ದಷ್ಟು ಕೊಡ ನೀರು ಆ ದಿನ ಮನೆಯ ನಲ್ಲಿಯಲ್ಲಿ ಬರುತ್ತದೆ. ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಬೆಳೆದ ಹೆಬ್ಬೆರಳು ಇಟ್ಟರೆ ಎರಡು ಒಟ್ಟಿಗೆ ಒತ್ತಿ ಆಟ ಸೋಲುತ್ತದೆ. ಕಡ್ಡಿಯಿಂದ ಒತ್ತಿದರೆ ಅದು ಒಪ್ಪುವುದಿಲ್ಲ, ಚರ್ಮದ ಬಿಸಿ ಬೇಕು. ಮಕ್ಕಳ ಕೈಗೆ ಕೊಡಬಹುದಲ್ಲ ಎನ್ನುತ್ತೀರಿ. ಆಟ ಕೈಗೆ ಹತ್ತಲು ನಾಲ್ಕೈದು ವರ್ಷ ಬೇಕು, ಅಷ್ಟರಲ್ಲಿ ಕೈ ಬೆಳೆದುಬಿಡುತ್ತದೆ. ಹಾಗಾಗಿ ಮನೆಗೊಂದು ಮಗುವನ್ನು ಆರಿಸಿ ಕೈ ಕಟ್ಟಿಸುತ್ತಾರೆ. ತೆಳ್ಳನೆಯ ತಗಡಿನ ಪಟ್ಟಿ, ಹರಳೆಣ್ಣೆಯಲ್ಲಿ ನೆನೆಸಿದ ಹಳೆಯ ಇಳಕಲ್ ಸೀರೆಯ ಚೂರು, ಇಷ್ಟೇ ನನ್ನ ಸಾಮಾನು. ಎಂಟು ದಿನಕ್ಕೊಮ್ಮೆ ಬಿಚ್ಚಿ ಇನ್ನಷ್ಟು ಬಿಗಿಯಾಗಿ ಕಟ್ಟಬೇಕು. ಮೊದಲ ತಿಂಗಳು ಉಗುರು ನೀಲಿಯಾಗುತ್ತದೆ. ಎರಡನೆಯ ತಿಂಗಳಿಗೆ ಮಗು ಅಳುವುದನ್ನು ಬಿಡುತ್ತದೆ. ಒಟ್ಟು ಆರು ವರ್ಷದ ಕೆಲಸ.

ಹೀಗೆ ಕಟ್ಟಿಸಿಕೊಂಡವರನ್ನು ಕಟ್ಟುಗೈ ಎನ್ನುತ್ತಾರೆ. ಪಡಸಾಲೆಯಲ್ಲಿ ಅವರಿಗೆಂದೇ ಒಂದು ಕುರ್ಚಿ. ಊಟದಲ್ಲಿ ಮೊದಲ ತುತ್ತು ಅವರಿಗೆ, ಅದನ್ನು ಬೇರೆಯವರೇ ಬಾಯಿಗೆ ಇಡಬೇಕು. ತಾಮ್ರದ ತಂಬಿಗೆ ಎತ್ತಲು ಅವರಿಂದ ಆಗುವುದಿಲ್ಲ, ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ನನ್ನ ಮಗಳು ಶಿವಲೀಲಾ ನಮ್ಮ ಮನೆಯ ಕಟ್ಟುಗೈ. ಅವಳ ಕೈ ಕಟ್ಟಿದ್ದೂ ನಾನೇ. ಹಂಪವ್ವ ಹುಟ್ಟಿದಾಗ ಶಿವಲೀಲಾಗೆ ಕೂಸನ್ನು ಎತ್ತಿಕೊಳ್ಳಲು ಬರಲಿಲ್ಲ, ಮಗ್ಗುಲಲ್ಲಿ ಮಲಗಿಸಿಕೊಂಡು ಮೊಣಕೈಯಿಂದ ತಟ್ಟುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಯಿತು. ಆದರೂ ಮರುದಿನ ಪಕ್ಕದ ಮನೆಗೆ ಹೋಗಿ ಇನ್ನೊಂದು ಮಗುವಿನ ಕೈ ಕಟ್ಟಿ ಬಂದೆ. ಮೂವತ್ತೊಂದಕ್ಕೇ ಈಗ ಶಿವಲೀಲಾಳ ಹೆಬ್ಬೆರಳು ನಡುಗುತ್ತಿದೆ. ಹನ್ನೊಂದು ಕೊಡ ಬರುತ್ತಿದ್ದ ಮನೆಗೆ ನಾಲ್ಕು ಬರುತ್ತಿದೆ. ಆದ್ದರಿಂದ ಹಂಪವ್ವ.

ಇದು ತಪ್ಪಬಹುದಿತ್ತು. ಹೋದ ತಿಂಗಳು ನಮ್ಮ ಓಣಿಯ ರಿಪೇರಿಯವನು ಇಮಾಮಸಾಬ ನರೇಗಲ್ಲ ಒಂದು ದೊಡ್ಡ ಅಂಗೈಮನೆ ಮಾಡಿದ. ಒಳಗಿನದೆಲ್ಲ ಹಳೆಯದೇ, ಚೌಕಟ್ಟು ಮಾತ್ರ ಒಂದು ಗೇಣು ಅಗಲ, ಗುಂಡಿಗಳ ನಡುವೆ ಬೆರಳಿಗೆ ಜಾಗ. ಮಾಡಲು ಒಂಬತ್ತು ದಿನ ಹಿಡಿಯಿತು. ನೂರಾ ನಲವತ್ತೊಂದು ವರ್ಷ ಯಾರೂ ಮಾಡದ ಕೆಲಸ ಒಂಬತ್ತು ದಿನದ್ದು. ನನ್ನ ಕೈಗೆ ಕೊಟ್ಟು ‘ಆಡ್ರಿ ಅಕ್ಕಾರ’ ಎಂದ. ಜೀವನದಲ್ಲಿ ಮೊದಲ ಸಲ ಆಡಿದೆ. ಎರಡು ಕೊಡ ಗೆದ್ದೆ. ಮನೆಗೆ ಬಂದು ಒಬ್ಬಳೇ ಕೂತು ಅತ್ತೆ.

ಬದಲಿಸಬೇಕೋ ಬೇಡವೋ ಎಂದು ಊರು ಮತಕ್ಕೆ ಹಾಕಿತು. ಮತ ಹಾಕುವುದು ಅಂಗೈಮನೆಯಲ್ಲೇ, ಅಂದಮೇಲೆ ಕಟ್ಟುಗೈಗಳು ಮಾತ್ರ ಹಾಕಬಲ್ಲರು. ಬದಲಿಸಿ ಎಂದವರು ನಲವತ್ತೊಂದು, ಬೇಡ ಎಂದವರು ಸಾವಿರದ ಮುನ್ನೂರ ಆರು. ಯಂತ್ರ ದೊಡ್ಡದಾದರೆ ಅವರ ಪುಟ್ಟ ಕೈಗೆ ಅದು ಎಟುಕುವುದಿಲ್ಲ. ಶಿವಲೀಲಾ ಯಾವ ಕಡೆ ಎಂದು ನಾನು ಕೇಳಿದೆ. ಮುಚ್ಚುಮರೆ ಮಾಡಲಿಲ್ಲ. ‘ಬ್ಯಾಡ ಅಂತ ಒತ್ತೀನಿ,’ ಎಂದಳು. ‘ನಿನ್ನ ಹೊಟ್ಟ್ಯಾಗ ಹುಟ್ಟಿದ ಕೂಸಿನ ಕೈ ಅದು,’ ಎಂದೆ. ‘ನನ್ನ ಕೈ ಏನ್ ಮಾಡ್ಲಿ ಹಂಗಾದ್ರ? ರೊಟ್ಟಿ ಬಡೀಲೇನು? ನಾನೂ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿನ,’ ಎಂದಳು. ಇಮಾಮಸಾಬನ ಯಂತ್ರವನ್ನು ಅವನ ಕೈಯಿಂದಲೇ ಒರಳಿಗೆ ಹಾಕಿ ಕುಟ್ಟಿಸಿದರು. ಸ್ಥಿರರೂಪ ಕೆಡಿಸಿದ ತಪ್ಪಿಗೆ ಅವನಿಗೆ ಒಂದು ವರ್ಷ ನೀರಿಲ್ಲ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ಇಂಥ ಯಂತ್ರವನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು? ಎರಡು ವರ್ಷಕ್ಕೊಮ್ಮೆ ಎಂಬುದು ಹುಚ್ಚು, ಒಪ್ಪುತ್ತೇನೆ. ಹುಟ್ಟುಹಬ್ಬಕ್ಕೆ ಕೊಟ್ಟದ್ದನ್ನು ಮಗು ಪೂರ್ತಿ ಕಲಿಯುವ ಮೊದಲೇ ಕಿತ್ತುಕೊಂಡಂತೆ ಅದು. ನನ್ನನ್ನು ಕೇಳಿದರೆ ಏಳು ವರ್ಷ. ಮಗುವಿನ ಕೈ ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗಲು ಅಷ್ಟು ಕಾಲ ಬೇಕು. ನಾನೂರ ಹನ್ನೆರಡು ಕೈ ತಡೆದವಳಿಗೆ ಅಷ್ಟಾದರೂ ಗೊತ್ತಿರುತ್ತದೆ. ಹಳೆಯ ಆಟ ಹೊಸದರಲ್ಲೂ ನಡೆಯಲಿ, ಚಾರ್ಜರ್ ಅದೇ ಇರಲಿ, ಅದನ್ನೆಲ್ಲ ಜಗಳವಾಡಿ ಪಡೆಯಿರಿ. ಆದರೆ ಮನವಿಯಲ್ಲಿ ಒಂದು ಸಂಖ್ಯೆ ಬರೆಯಿರಿ. ಏಳು ಬೇಡವಾದರೆ ಹತ್ತು ಬರೆಯಿರಿ, ಇಪ್ಪತ್ತಾದರೂ ಬರೆಯಿರಿ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಒಂದು ಅಂಕಿ ಬರೆಯಲಾರದಷ್ಟು ಅವಸರ ಏನಿತ್ತು ನಿಮಗೆ?

ವಿಳಾಸದಲ್ಲಿ ಹಿಂದಿನ ತಾರೀಕು ಹಾಕಿದರೆ ಅಂಗೈಮನೆಯ ಅಂಚೆ ಆ ಕಾಲಕ್ಕೇ ಹೋಗುತ್ತದೆ ಎನ್ನುತ್ತಾರೆ. ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ನಾಳೆ ಕಟ್ಟುವುದು ನಾನೇ. ನಾನು ಒಲ್ಲೆ ಎಂದರೆ ಬೆಟಗೇರಿಯ ಕಟ್ಟುಗಿತ್ತಿಯನ್ನು ಕರೆಸುತ್ತಾರೆ, ಅವಳು ಕಟ್ಟಿದ್ದರಲ್ಲಿ ಅರ್ಧ ಕೊಳೆಯುತ್ತದೆ. ನನ್ನ ಕೈಯಲ್ಲಿ ಬೆರಳು ಕಳೆದುಕೊಂಡವರು ಮೂವರೇ.

ನನ್ನ ಬೆರಳಿಗೆ ಈ ಗುಂಡಿಗಳು ಬಗ್ಗುವುದಿಲ್ಲ. ನಾನು ಹೇಳುತ್ತ ಹೋದಂತೆ ಇಡೀ ಪತ್ರವನ್ನು ಒತ್ತುತ್ತಿರುವವಳು ಹಂಪವ್ವ. ಈಗ ಅವಳ ಕೈ ಇದಕ್ಕೆ ಸರಿಯಾಗಿದೆ. ಮೂವರು ಎಂದಾಗ ಒತ್ತುವುದನ್ನು ನಿಲ್ಲಿಸಿ, ‘ಆ ಮೂರು ಮಂದಿ ಯಾರ್ಯಾರು ಅಜ್ಜಿ?’ ಎಂದು ಕೇಳಿದಳು. ಹೆಸರು ಹೇಳಿದೆ. ಒಬ್ಬಳು ಅವಳ ಜೊತೆ ಓದುವವಳ ಅಕ್ಕ. ಮತ್ತೆ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ‘ಮುಂದ ಹೇಳು,’ ಎಂದಳು. ಈಗ ಓಣಿಯ ಹುಡುಗಿಯರು ಗಜ್ಜುಗ ಆಡಲು ಹೊರಗಿನಿಂದ ಕೂಗುತ್ತಿದ್ದಾರೆ. ನಾಲ್ಕು ಕಾಯಿ ನೆಲಕ್ಕೆ ಚೆಲ್ಲಿ, ಒಂದನ್ನು ಮೇಲೆ ಹಾರಿಸಿ, ಅದು ಬೀಳುವಷ್ಟರಲ್ಲಿ ನಾಲ್ಕನ್ನೂ ಬಾಚುವುದರಲ್ಲಿ ನಮ್ಮ ಹಂಪವ್ವನಿಗೆ ಸರಿಸಾಟಿ ಯಾರೂ ಇಲ್ಲ. ‘ಮುಗೀತೇನಜ್ಜಿ, ಹೋಗ್ಲ್ಯಾ?’ ಎನ್ನುತ್ತಿದ್ದಾಳೆ. ಈ ಸಾಲು ಒತ್ತಿ ಹೋಗು ಎಂದಿದ್ದೇನೆ, ಹೊತ್ತು ಮುಳುಗುವ ತನಕ ಆಡಿ ಬಾ ಎಂದಿದ್ದೇನೆ.