ಅಣ್ಣನ ತಟ್ಟೆ

ಮಾರ್ಚ್ ೧೧, ಮಂಗಳವಾರ

ಅಣ್ಣ ಹೋಗಿ ಇಂದಿಗೆ ಒಂದು ವರ್ಷ. ನಮ್ಮ ಲ್ಯಾಬಿಗೆಂದು ಅವನು ತಮಾಷೆಗೆ ಕೊಟ್ಟಿದ್ದ ಚರ್ಮದ ಚೂರಿನ ಜೀವಕೋಶಗಳು ತಟ್ಟೆಯಲ್ಲಿ ಇನ್ನೂ ಬದುಕಿವೆ. ತಪ್ಪಾಗಿ ತಯಾರಾದ ಆರ್‌ಎನ್‌ಎಯನ್ನು, ಅಂದರೆ ಜೀನಿನ ಕೆಟ್ಟ ನಕಲುಗಳನ್ನು, ಕೋಶಕೇಂದ್ರದಿಂದ ಹೊರಬೀಳುವ ಮೊದಲೇ ಹಿಡಿದು, ತುದಿಯಿಂದ ಕಡಿದು ಪುಡಿ ಮಾಡುತ್ತಿವೆ. ಬದುಕಿದ್ದಾಗ ಕುಡಿದ ಲೋಟವನ್ನೂ ಎತ್ತಿಡದ ಮನುಷ್ಯ! ಈಗ ಯಾರಿಗಾಗಿ ಇಷ್ಟು ಶಿಸ್ತು?

"ನಾಳೆ ಆ ತಟ್ಟೆಗೆ ಔಷಧಿ ಹಾಕಿ, ಪುಡಿ ಮಾಡೋ ಕಿಣ್ವ ನಿಲ್ಲಿಸಿಬಿಡು. ಕಸ ತುಂಬಿ ಎಷ್ಟು ದಿನಕ್ಕೆ ಸಾಯ್ತವೆ ನೋಡೋಣ," ಎಂದರು ಲ್ಯಾಬಿನ ಮುಖ್ಯಸ್ಥೆ ಮೇಡಂ. ತಟ್ಟೆಯ ಮೇಲಿರುವುದು ಬರೀ ನಂಬರು. ಅದು ಯಾರದೆಂದು ಅವರಿಗೆ ಗೊತ್ತಿಲ್ಲ.

ಸಂಜೆ, ತಟ್ಟೆಯ ಗುಟ್ಟು ಗೊತ್ತಿರುವ ಅತ್ತಿಗೆ ಫೋನ್ ಮಾಡಿ, ದಿನಾ ಕೇಳುವ ಹಾಗೆ ಮೆಲ್ಲಗೆ ಕೇಳಿದರು: "ಇವತ್ತು ಹೇಗಿದ್ದಾರೆ?"

"ಚೆನ್ನಾಗಿದ್ದಾನೆ, ಅತ್ತಿಗೆ."

ನಾಳೆಯೂ ಹಾಗೇ ಹೇಳಬೇಕೆಂದರೆ, ಔಷಧಿಯ ಬದಲು ನಾನು ಬರೀ ನೀರು ಹಾಕಬೇಕು.