ದುರಗೇಶನೊಂದಿಗೆ ಆಗದ ಪಂದ್ಯ

ನವೆಂಬರ್ ೧೮, ಮಂಗಳವಾರ. ಜಮಖಂಡಿ

ಮೂರು ವರ್ಷದ ಹಿಂದೆ ದುರಗೇಶನ ಜೊತೆಗಿನ ಬಾಕ್ಸಿಂಗ್ ಪಂದ್ಯ ತಪ್ಪಿಸಲು ನಾನೇ ಎರಡು ದಿನ ಉಪವಾಸವಿದ್ದೆ. ಅವನು ಎಪ್ಪತ್ತು ಕಿಲೋ. ನಾನು ಅರವತ್ತೈದು ಮುಟ್ಟಿದರೆ ಆಡಿಸುತ್ತೇನೆ ಎಂದಿದ್ದರು ಮಾಸ್ತರು. ಬೆಲ್ಲದಂಗಡಿಯ ತೂಕದ ಕಾಟಾ ಅರವತ್ತೆರಡು ತೋರಿಸಿತು; ಪಂದ್ಯ ರದ್ದಾಯಿತು. ಕಬ್ಬು ಬೆಳೆದು ಕಾರ್ಖಾನೆಯ ತೂಕದಲ್ಲಿ ಮೋಸ ಹೋದ ನಮ್ಮೂರವರು ಯಾವ ಕಾಟಾ ನಂಬುತ್ತಾರೆ?

“ತೂಕದಾಗ ಮೋಸ ಐತಿ. ಆಡಿದ್ರ ನಮ್ಮ ಹುಡುಗನ ಗೆಲ್ತಿದ್ದ” ಎಂದರು. ಆ ಹೊಗಳಿಕೆ ಹೊತ್ತುಕೊಂಡೇ ಶಾಲೆ ಬಿಟ್ಟೆ.

ಇಂದು ಬಸ್‌ಸ್ಟ್ಯಾಂಡಿನಲ್ಲಿ ದುರಗೇಶ ಸಿಕ್ಕ. ಅವನ ಕೆನ್ನೆಗಳು ಒಳಗೆ ಹೋಗಿವೆ. “ನಿನ್ನ ಸಲುವಾಗಿ ಅರವತ್ತೆರಡಕ್ಕ ಇಳದೀನ್ಲೇ. ಈಗರ ಆಡೂಣು ಬಾ” ಎಂದು ನಕ್ಕ. ಅಂದು ನಾನು ಹಸಿದದ್ದು ಅಂಜಿಕೆಗೆ ಎಂಬುದನ್ನು ಮುಚ್ಚಿಟ್ಟು, ಅವನನ್ನು ಮುಧೋಳದ ಬಸ್ ಹತ್ತಿಸಿದೆ.

ಹೇಳಿದರೆ ಊರಲ್ಲಿ ನನಗೆ ಉಳಿಯುವುದೇನು?

ಆದರೂ ಅದನ್ನು ಹೇಳಲೆಂದೇ ನಾಳೆ ಮೊದಲ ಬಸ್ಸಿಗೆ ಮುಧೋಳಕ್ಕೆ, ಅವನ ಮನೆಗೆ ಹೊರಡುತ್ತೇನೆ.